ಬರ್ಮಿಂಗ್‌ಹ್ಯಾಮ್: ಒಂದು ಮಹಾನಗರದ ಆಡಳಿತ, ಸಾರ್ವಜನಿಕ ಸೇವೆ ಮತ್ತು ಜನಸಂಖ್ಯೆ

ಇಂಗ್ಲೆಂಡಿನಲ್ಲಿ ಲಂಡನ್ನಿನ ಬಳಿಕ ಅತಿ ಹೆಚ್ಚು ಜನರು ವಾಸಿಸುವ ನಗರ ಬರ್ಮಿಂಗ್‌ಹ್ಯಾಮ್. ದೇಶದ ನಡುಭಾಗದ ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ, ಸುಮಾರು 268 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಹರಡಿರುವ ಈ ನಗರದ ಜನಸಂಖ್ಯೆ 2021ರ ಜನಗಣತಿಯಂತೆ ಸುಮಾರು 11,44,900. ಎರಡು ಕಾರಣಗಳಿಗಾಗಿ ಈ ನಗರ ಇತ್ತೀಚಿನ ವರ್ಷಗಳಲ್ಲಿ ಜಗತ್ತಿನ ಗಮನ ಸೆಳೆದಿದೆ. ಒಂದು, ಅಲ್ಲಿ ಇಂದು ಯಾವ ಜನವರ್ಗವೂ ಅರ್ಧಕ್ಕಿಂತ ಹೆಚ್ಚಿಲ್ಲ. ಇನ್ನೊಂದು, 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ನಗರಪಾಲಿಕೆ ತನ್ನ ಆದಾಯದಲ್ಲಿ ವೆಚ್ಚವನ್ನು ಸರಿದೂಗಿಸಲು ಸಾಧ್ಯವಿಲ್ಲವೆಂದು ಅಧಿಕೃತವಾಗಿ ಸಾರಿತು.

ದೂರದ ಒಂದು ನಗರದ ಆಡಳಿತವನ್ನು ನಾವು ಇಲ್ಲಿ ವಿವರವಾಗಿ ಪರಿಚಯಿಸುತ್ತಿರುವುದಕ್ಕೆ ಕಾರಣವಿದೆ. ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಪೋಷಕರು ವರ್ಷವರ್ಷವೂ ಕೇಳಿಕೊಳ್ಳುವ ಪ್ರಶ್ನೆಗಳು ಕೆಲವಿವೆ. ಒಂದು ಸೇವೆಯನ್ನು ಒದಗಿಸುವುದು ಯಾರ ಹೊಣೆ? ಅದು ನಮ್ಮ ಹಕ್ಕೋ, ಆಳುವವರ ಅನುಗ್ರಹವೋ? ಬೊಕ್ಕಸ ಬರಿದಾದಾಗ ಮೊದಲು ನಿಲ್ಲುವುದು ಯಾವುದು? ಎಣಿಕೆಯಲ್ಲಿ ನಾವು ಯಾವ ಹೆಸರಿನಲ್ಲಿ ಇದ್ದೇವೆ? ಈ ನಾಲ್ಕು ಪ್ರಶ್ನೆಗಳಿಗೂ ಬರ್ಮಿಂಗ್‌ಹ್ಯಾಮಿನ ಅನುಭವದಲ್ಲಿ ಸ್ಪಷ್ಟವಾದ ಉತ್ತರಗಳಿವೆ.

ನಗರ ಬೆಳೆದ ಬಗೆ

ಬರ್ಮಿಂಗ್‌ಹ್ಯಾಮ್ ಲೋಹದ ಕೆಲಸದಿಂದ ಬೆಳೆದ ಊರು. ಗುಂಡಿ, ಪೆನ್ನಿನ ಮುಳ್ಳು, ಬಂದೂಕು, ಆಭರಣ, ಮುಂದೆ ಮೋಟಾರು ವಾಹನ ಹೀಗೆ ನೂರಾರು ಬಗೆಯ ವಸ್ತುಗಳನ್ನು ತಯಾರಿಸುವ ಕಾರ್ಖಾನೆಗಳು ಅಲ್ಲಿದ್ದವು. 1838ರಲ್ಲಿ ಅದಕ್ಕೆ ಚುನಾಯಿತ ಪುರಸಭೆ ದೊರೆಯಿತು. 1889ರಲ್ಲಿ ನಗರವೆಂಬ ಪದವಿ ಸಂದಿತು.

ನಗರಾಡಳಿತದ ಚರಿತ್ರೆಯಲ್ಲಿ ಈ ಊರಿಗೆ ವಿಶೇಷ ಸ್ಥಾನ ತಂದುಕೊಟ್ಟವರು 1873ರಿಂದ 1876ರವರೆಗೆ ಮೇಯರ್ ಆಗಿದ್ದ ಜೋಸೆಫ್ ಚೇಂಬರ್ಲೇನ್. ಅವರ ಕಾಲದಲ್ಲಿ ನಗರದ ಖಾಸಗಿ ಅನಿಲ ಕಂಪನಿಗಳನ್ನೂ ನೀರು ಸರಬರಾಜು ಕಂಪನಿಯನ್ನೂ ಪುರಸಭೆಯೇ ಕೊಂಡುಕೊಂಡಿತು. ಅನಿಲದಿಂದ ಬಂದ ಲಾಭವನ್ನು ಊರಿನ ಸುಧಾರಣೆಗೆ ಬಳಸಲಾಯಿತು. ನೀರಿನ ವಿಷಯದಲ್ಲಿ ಲಾಭಕ್ಕಿಂತ ಜನರ ಆರೋಗ್ಯವೇ ಮುಖ್ಯವೆಂಬ ನಿಲುವು ತಳೆಯಲಾಯಿತು. ಮುಂದೆ ಇದೇ ಹಾದಿಯಲ್ಲಿ ನಡೆದ ಪಾಲಿಕೆ ವೇಲ್ಸ್ ಪ್ರಾಂತದ ಎಲಾನ್ ಕಣಿವೆಯಲ್ಲಿ ಅಣೆಕಟ್ಟುಗಳನ್ನು ಕಟ್ಟಿಸಿ, ಸುಮಾರು 118 ಕಿಲೋಮೀಟರ್ ದೂರದಿಂದ, ನೀರು ತಾನಾಗಿಯೇ ಇಳಿದುಬರುವಂತೆ ಕಾಲುವೆ ನಿರ್ಮಿಸಿತು. 1904ರಲ್ಲಿ ಈ ಯೋಜನೆ ಉದ್ಘಾಟನೆಗೊಂಡಿತು. 1916ರಲ್ಲಿ ಪಾಲಿಕೆ ತನ್ನದೇ ಉಳಿತಾಯ ಬ್ಯಾಂಕನ್ನೂ ತೆರೆಯಿತು.

ಹೀಗೆ ಒಂದು ಕಾಲಕ್ಕೆ ನೀರು, ಅನಿಲ, ವಿದ್ಯುತ್ತು, ಟ್ರಾಮು, ಮನೆ, ಶಾಲೆ, ಬ್ಯಾಂಕು ಎಲ್ಲವೂ ಪಾಲಿಕೆಯವೇ ಆಗಿದ್ದವು. ಎರಡನೆಯ ಮಹಾಯುದ್ಧದ ಬಳಿಕ ಈ ಅಧಿಕಾರಗಳು ಒಂದೊಂದಾಗಿ ಕೈಬಿಟ್ಟವು. ವಿದ್ಯುತ್ತು 1948ರಲ್ಲಿ, ಅನಿಲ 1949ರಲ್ಲಿ ರಾಷ್ಟ್ರೀಕರಣಗೊಂಡವು. 1974ರಲ್ಲಿ ನೀರು ಪ್ರಾದೇಶಿಕ ಪ್ರಾಧಿಕಾರಕ್ಕೆ ಹೋಯಿತು. 1989ರಲ್ಲಿ ಅದೂ ಖಾಸಗಿಯವರ ಪಾಲಾಯಿತು. ಇಂದು ಪಾಲಿಕೆಯ ಹೆಸರು ದೊಡ್ಡದು, ಹೊಣೆಯೂ ದೊಡ್ಡದು. ಆದರೆ ಸ್ವಂತ ಸಂಪಾದನೆಯ ದಾರಿಗಳು ಬಹಳ ಕಡಿಮೆ.

ಪಾಲಿಕೆಯ ರಚನೆ

ನಗರವನ್ನು 69 ವಾರ್ಡುಗಳಾಗಿ ವಿಂಗಡಿಸಲಾಗಿದೆ. ಕೆಲವು ವಾರ್ಡುಗಳಿಂದ ಒಬ್ಬರು, ಕೆಲವುಗಳಿಂದ ಇಬ್ಬರಂತೆ ಒಟ್ಟು 101 ಸದಸ್ಯರು ಆಯ್ಕೆಯಾಗುತ್ತಾರೆ. 2018ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಂತೆ ಎಲ್ಲ ಸ್ಥಾನಗಳಿಗೂ ನಾಲ್ಕು ವರ್ಷಕ್ಕೊಮ್ಮೆ ಒಟ್ಟಿಗೆ ಚುನಾವಣೆ ನಡೆಯುತ್ತದೆ. ಅದಕ್ಕೂ ಮೊದಲು 40 ದೊಡ್ಡ ವಾರ್ಡುಗಳಿಂದ 120 ಸದಸ್ಯರಿದ್ದರು.

ಪಾಲಿಕೆಯಲ್ಲಿ ಬಹುಮತ ಪಡೆದ ಪಕ್ಷದ ನಾಯಕರೇ ಆಡಳಿತದ ಮುಖ್ಯಸ್ಥರು. ಅವರು ಶಿಕ್ಷಣ, ವಸತಿ, ಹಣಕಾಸು ಮೊದಲಾದ ಖಾತೆಗಳನ್ನು ಹೊತ್ತ ಸಣ್ಣ ಸಂಪುಟವನ್ನು ರಚಿಸಿಕೊಳ್ಳುತ್ತಾರೆ. ಲಾರ್ಡ್ ಮೇಯರ್ ಎಂಬ ಪದವಿಯೂ ಇದೆ. ಆದರೆ ಅದು ಸಭಾಧ್ಯಕ್ಷತೆ ಮತ್ತು ಗೌರವ ಸಮಾರಂಭಗಳಿಗೆ ಸೀಮಿತ. ಜನರೇ ನೇರವಾಗಿ ಆರಿಸುವ, ಅಧಿಕಾರವುಳ್ಳ ಮೇಯರ್ ಬೇಕೇ ಎಂದು 2012ರಲ್ಲಿ ಜನಮತ ಕೇಳಿದಾಗ ನಗರದ ಮತದಾರರು ಬೇಡವೆಂದರು.

ನಮ್ಮ ದೇಶದ ಓದುಗರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಹಾರಾಷ್ಟ್ರ, ತಮಿಳುನಾಡಿನಂತಹ ರಾಜ್ಯಗಳ ಮಹಾನಗರಪಾಲಿಕೆಗಳಲ್ಲಿ ಕಾರ್ಯಾಂಗದ ಅಧಿಕಾರ ಬಹುಮಟ್ಟಿಗೆ ರಾಜ್ಯ ಸರಕಾರ ನೇಮಿಸುವ ಆಯುಕ್ತರ ಕೈಯಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಕಾಲದಲ್ಲಿ ಅಂತಹ ಆಯುಕ್ತರಿಲ್ಲ. ಅಧಿಕಾರಿಗಳನ್ನು ಪಾಲಿಕೆಯೇ ನೇಮಿಸಿಕೊಳ್ಳುತ್ತದೆ, ನಿರ್ಧಾರ ಚುನಾಯಿತರದು. ಪಾಲಿಕೆ ಎಡವಿದಾಗ ಮಾತ್ರ ಕೇಂದ್ರ ಸರಕಾರ ಆಯುಕ್ತರನ್ನು ಕಳುಹಿಸುತ್ತದೆ. ಬರ್ಮಿಂಗ್‌ಹ್ಯಾಮಿಗೆ ಆ ಸ್ಥಿತಿ ಹೇಗೆ ಬಂತೆಂಬುದನ್ನು ಮುಂದೆ ನೋಡೋಣ.

ಮತದಾನದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಸ್ಥಳೀಯ ಚುನಾವಣೆಯಲ್ಲಿಯೂ ಸಂಸತ್ ಚುನಾವಣೆಯಲ್ಲಿಯೂ ಮತದ ಹಕ್ಕಿದೆ. ಭಾರತ ಕಾಮನ್‌ವೆಲ್ತ್ ಸದಸ್ಯ ರಾಷ್ಟ್ರವಾದ್ದರಿಂದ, ಓದಿಗೋ ಉದ್ಯೋಗಕ್ಕೋ ಅಲ್ಲಿಗೆ ಹೋದ ನಮ್ಮವರು ಭಾರತೀಯ ಪ್ರಜೆಗಳಾಗಿದ್ದುಕೊಂಡೇ, ಹೆಸರು ನೋಂದಾಯಿಸಿಕೊಂಡು ಮತ ಹಾಕಬಹುದು. ಅಲ್ಲಿ ಬಂಧುಗಳಿರುವ ಮನೆಯವರು ಈ ವಿಷಯವನ್ನು ಅವರಿಗೆ ತಿಳಿಸುವುದು ಒಳಿತು.

ಯಾವ ಸೇವೆ ಯಾರ ಕೈಯಲ್ಲಿ

ನಗರದ ಒಳಗೆ ಸಣ್ಣ ಊರಾಡಳಿತಗಳು ಎರಡೇ: 2000ದಲ್ಲಿ ಆರಂಭವಾದ ನ್ಯೂ ಫ್ರ್ಯಾಂಕ್ಲಿ, 2016ರಲ್ಲಿ ಆರಂಭವಾದ ರಾಯಲ್ ಸಟನ್ ಕೋಲ್ಡ್‌ಫೀಲ್ಡ್. ಉಳಿದೆಡೆ ಎಲ್ಲ ಸ್ಥಳೀಯ ಹೊಣೆಯೂ ಪಾಲಿಕೆಯದೇ. ಕಸ ಸಂಗ್ರಹ, ಬೀದಿ, ಉದ್ಯಾನ, ಗ್ರಂಥಾಲಯ, ವೃದ್ಧರ ಹಾಗೂ ಅಂಗವಿಕಲರ ಆರೈಕೆ, ಮನೆಯಿಲ್ಲದವರಿಗೆ ಆಸರೆ, ಮಕ್ಕಳಿಗೆ ಶಾಲೆಯಲ್ಲಿ ಸ್ಥಳ ಒದಗಿಸುವುದು ಇವೆಲ್ಲ ಅದರ ಕೆಲಸ. ಸುಮಾರು 60 ಸಾವಿರ ಬಾಡಿಗೆ ಮನೆಗಳ ಒಡೆತನವೂ ಅದರದು. ರಕ್ಷಣೆ ಬೇಕಾದ ಮಕ್ಕಳ ಆರೈಕೆಯನ್ನು 2018ರಿಂದ ಬರ್ಮಿಂಗ್‌ಹ್ಯಾಮ್ ಚಿಲ್ಡ್ರನ್ಸ್ ಟ್ರಸ್ಟ್ ಪಾಲಿಕೆಯ ಪರವಾಗಿ ನಡೆಸುತ್ತಿದೆ.

ನಗರದ ಎಲ್ಲೆಯನ್ನು ಮೀರಿದ ಕೆಲಸಗಳಿಗೆ ಬೇರೆ ಸಂಸ್ಥೆಗಳಿವೆ. ಬರ್ಮಿಂಗ್‌ಹ್ಯಾಮ್, ಕೊವೆಂಟ್ರಿ, ಡಡ್ಲಿ, ಸ್ಯಾಂಡ್‌ವೆಲ್, ಸಾಲಿಹಲ್, ವಾಲ್ಸಾಲ್ ಮತ್ತು ವುಲ್ವರ್‌ಹ್ಯಾಂಪ್ಟನ್ ಎಂಬ ಏಳು ಆಡಳಿತಗಳು ಸೇರಿ 2016ರಲ್ಲಿ ಒಂದು ಸಂಯುಕ್ತ ಪ್ರಾಧಿಕಾರವನ್ನು ರಚಿಸಿಕೊಂಡವು. ಸಾರಿಗೆ, ವಯಸ್ಕರ ಕೌಶಲ ತರಬೇತಿ, ವಸತಿಗೆ ನೆಲ ಮತ್ತು ಹಣ ಒದಗಿಸುವುದು ಇದರ ಮುಖ್ಯ ಕೆಲಸಗಳು. ಇದರ ಮೇಯರನ್ನು ಜನ ನೇರವಾಗಿ ಆರಿಸುತ್ತಾರೆ. 2017ರಿಂದ ಕನ್ಸರ್ವೇಟಿವ್ ಪಕ್ಷದ ಆಂಡಿ ಸ್ಟ್ರೀಟ್ ಮೇಯರ್ ಆಗಿದ್ದರು. 2024ರಲ್ಲಿ ಲೇಬರ್ ಪಕ್ಷದ ರಿಚರ್ಡ್ ಪಾರ್ಕರ್ ಕೇವಲ 1,508 ಮತಗಳ ಅಂತರದಿಂದ ಅವರನ್ನು ಸೋಲಿಸಿದರು. ಪೊಲೀಸ್ ಮತ್ತು ಅಗ್ನಿಶಾಮಕ ದಳಗಳು ಕೂಡ ಇದೇ ಏಳು ಆಡಳಿತಗಳ ವ್ಯಾಪ್ತಿಗೆ ಒಟ್ಟಾಗಿ ಸೇವೆ ಸಲ್ಲಿಸುತ್ತವೆ. ಆಸ್ಪತ್ರೆ ಮತ್ತು ವೈದ್ಯರ ಸೇವೆ ರಾಷ್ಟ್ರೀಯ ಆರೋಗ್ಯ ಸೇವೆಯದು. ರೋಗ ತಡೆಗಟ್ಟುವ ಸಾರ್ವಜನಿಕ ಆರೋಗ್ಯದ ಹೊಣೆ ಮಾತ್ರ 2013ರಿಂದ ಪಾಲಿಕೆಗೆ ಮರಳಿದೆ.

ಕಡ್ಡಾಯ ಸೇವೆ, ಐಚ್ಛಿಕ ಸೇವೆ

ಇಂಗ್ಲೆಂಡಿನ ಪಾಲಿಕೆಗಳನ್ನು ಅರ್ಥಮಾಡಿಕೊಳ್ಳಲು ಒಂದು ಭೇದವನ್ನು ಅರಿತಿರಬೇಕು. ಕೆಲವು ಸೇವೆಗಳನ್ನು ಪಾಲಿಕೆ ಮಾಡಲೇಬೇಕೆಂದು ಕಾನೂನು ಹೇಳುತ್ತದೆ. ಕೆಲವನ್ನು ಮಾಡಬಹುದೆಂದು ಹೇಳುತ್ತದೆ. ಮಕ್ಕಳ ರಕ್ಷಣೆ, ವೃದ್ಧರ ಆರೈಕೆ, ಕಸ ಸಂಗ್ರಹ, ಶಾಲಾ ಸ್ಥಳ ಮೊದಲಾದವು ಕಡ್ಡಾಯ. ಕಲಾ ಸಂಸ್ಥೆಗಳಿಗೆ ನೆರವು, ಸಮುದಾಯ ಸಂಘಗಳಿಗೆ ಅನುದಾನ, ಈಜುಕೊಳ ಮುಂತಾದವು ಐಚ್ಛಿಕ.

ಕಡ್ಡಾಯ ಎಂದಮಾತ್ರಕ್ಕೆ ಎಲ್ಲವೂ ಭದ್ರವೆಂದಲ್ಲ. 1964ರ ಕಾನೂನಿನಂತೆ ಸಮಗ್ರವೂ ದಕ್ಷವೂ ಆದ ಗ್ರಂಥಾಲಯ ಸೇವೆ ಕೊಡುವುದು ಪಾಲಿಕೆಯ ಕರ್ತವ್ಯ. ಆದರೆ ಎಷ್ಟು ಗ್ರಂಥಾಲಯ, ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ಆ ಕಾನೂನು ಹೇಳುವುದಿಲ್ಲ. ಸುಮಾರು 188 ದಶಲಕ್ಷ ಪೌಂಡ್ ವೆಚ್ಚದಲ್ಲಿ ಕಟ್ಟಿದ ಬರ್ಮಿಂಗ್‌ಹ್ಯಾಮಿನ ಹೊಸ ಕೇಂದ್ರ ಗ್ರಂಥಾಲಯವನ್ನು 2013ರ ಸೆಪ್ಟೆಂಬರ್ 3ರಂದು ಮಲಾಲಾ ಯೂಸುಫ್‌ಝೈ ಉದ್ಘಾಟಿಸಿದರು. ಎರಡು ವರ್ಷ ತುಂಬುವ ಮೊದಲೇ, ಹಣದ ಕೊರತೆಯಿಂದ, ಅದು ತೆರೆದಿರುವ ಅವಧಿಯನ್ನು ವಾರಕ್ಕೆ 73 ಗಂಟೆಗಳಿಂದ 40 ಗಂಟೆಗಳಿಗೆ ಇಳಿಸಲಾಯಿತು. ಕಾನೂನಿನ ಮಾತು ಮುರಿಯಲಿಲ್ಲ. ಬಾಗಿಲು ಮಾತ್ರ ಬೇಗ ಮುಚ್ಚತೊಡಗಿತು.

ಬೊಕ್ಕಸ ಬರಿದಾದದ್ದು

ಪಾಲಿಕೆಗೆ ಹಣ ಬರುವುದು ಮುಖ್ಯವಾಗಿ ಮೂರು ಮೂಲಗಳಿಂದ: ಕೇಂದ್ರ ಸರಕಾರದ ಅನುದಾನ, ವ್ಯಾಪಾರ ಸ್ಥಳಗಳ ಮೇಲಿನ ತೆರಿಗೆ, ಮನೆಗಳ ಮೇಲಿನ ಕೌನ್ಸಿಲ್ ತೆರಿಗೆ. ಕೌನ್ಸಿಲ್ ತೆರಿಗೆಯನ್ನು ಇಂದಿಗೂ 1991ರ ಮನೆ ಬೆಲೆಯ ಆಧಾರದ ಮೇಲೆ ಎಂಟು ದರ್ಜೆಗಳಲ್ಲಿ ವಿಧಿಸಲಾಗುತ್ತದೆ. 2010ರ ನಂತರ ಕೇಂದ್ರದ ಅನುದಾನ ತೀವ್ರವಾಗಿ ಇಳಿಯಿತು. ಆರೈಕೆ ಬೇಕಾದ ವೃದ್ಧರು ಮತ್ತು ಮಕ್ಕಳ ಸಂಖ್ಯೆ ಏರಿತು. ಇದು ದೇಶದ ಎಲ್ಲ ಪಾಲಿಕೆಗಳ ಕಷ್ಟ. ಬರ್ಮಿಂಗ್‌ಹ್ಯಾಮಿಗೆ ಇದರ ಜೊತೆ ಇನ್ನೆರಡು ಹೊರೆಗಳಿದ್ದವು.

ಮೊದಲನೆಯದು ಸಮಾನ ವೇತನದ ಬಾಕಿ. ಅಡುಗೆ, ಸ್ವಚ್ಛತೆ, ಆರೈಕೆಯ ಕೆಲಸ ಮಾಡುತ್ತಿದ್ದ ಮಹಿಳೆಯರಿಗೆ, ಅಷ್ಟೇ ಮೌಲ್ಯದ ಕೆಲಸ ಮಾಡುತ್ತಿದ್ದ ಕಸ ಸಂಗ್ರಹಣೆ ಮೊದಲಾದ ವಿಭಾಗಗಳ ಪುರುಷರಿಗೆ ಸಿಗುತ್ತಿದ್ದ ಹೆಚ್ಚುವರಿ ಭತ್ಯೆಗಳು ಸಿಗುತ್ತಿರಲಿಲ್ಲ. 174 ಮಂದಿ ಮಾಜಿ ನೌಕರರು ಹೂಡಿದ ಮೊಕದ್ದಮೆಯಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಮುಂದಿನ ಹತ್ತು ವರ್ಷಗಳಲ್ಲಿ ಪಾಲಿಕೆ ನೂರು ಕೋಟಿ ಪೌಂಡಿಗೂ ಹೆಚ್ಚು ಪರಿಹಾರ ಕೊಟ್ಟಿತು. ಆದರೂ ತಾರತಮ್ಯ ಪೂರ್ತಿ ನಿವಾರಣೆಯಾಗಲಿಲ್ಲ. 2023ರಲ್ಲಿ ಹೊಸ ಬಾಕಿ 650ರಿಂದ 760 ದಶಲಕ್ಷ ಪೌಂಡಿನಷ್ಟಿರಬಹುದೆಂದು ಪಾಲಿಕೆ ಅಂದಾಜಿಸಿತು. ಎರಡನೆಯ ಹೊರೆ, ಲೆಕ್ಕಪತ್ರ ಹಾಗೂ ಸಿಬ್ಬಂದಿ ನಿರ್ವಹಣೆಗಾಗಿ ಅಳವಡಿಸಿದ ಹೊಸ ಗಣಕ ವ್ಯವಸ್ಥೆ. ಸುಮಾರು 19 ದಶಲಕ್ಷ ಪೌಂಡಿಗೆ ಮುಗಿಯಬೇಕಾಗಿದ್ದ ಆ ಕೆಲಸದ ವೆಚ್ಚ 100 ದಶಲಕ್ಷದವರೆಗೆ ಏರಬಹುದೆಂಬ ಅಂದಾಜು ಹೊರಬಿತ್ತು.

2023ರ ಸೆಪ್ಟೆಂಬರ್ 5ರಂದು ಪಾಲಿಕೆ 1988ರ ಸ್ಥಳೀಯಾಡಳಿತ ಹಣಕಾಸು ಕಾನೂನಿನ 114ನೇ ಕಲಮಿನಡಿ ಪ್ರಕಟಣೆ ಹೊರಡಿಸಿತು. ಇದನ್ನು ಪತ್ರಿಕೆಗಳು ದಿವಾಳಿ ಎಂದು ಕರೆದವು. ಕಾನೂನಿನ ದೃಷ್ಟಿಯಲ್ಲಿ ಪಾಲಿಕೆ ದಿವಾಳಿಯಾಗಲಾರದು. ಕಡ್ಡಾಯ ಸೇವೆಗಳನ್ನು ಬಿಟ್ಟು ಯಾವ ಹೊಸ ವೆಚ್ಚವನ್ನೂ ಮಾಡುವಂತಿಲ್ಲ ಎಂಬುದೇ ಆ ಪ್ರಕಟಣೆಯ ಸಾರ. ಮರುತಿಂಗಳು ಕೇಂದ್ರ ಸರಕಾರ ಆಯುಕ್ತರ ತಂಡವನ್ನು ನೇಮಿಸಿತು.

ಪರಿಣಾಮ ಮನೆಮನೆಗೂ ಮುಟ್ಟಿತು. ಜನಮತ ಕೇಳದೆ ಕೌನ್ಸಿಲ್ ತೆರಿಗೆಯನ್ನು ಶೇಕಡಾ 5ರಷ್ಟು ಏರಿಸುವಂತಿಲ್ಲವೆಂಬುದು ಸಾಮಾನ್ಯ ನಿಯಮ. ಬರ್ಮಿಂಗ್‌ಹ್ಯಾಮಿಗೆ ವಿಶೇಷ ಅನುಮತಿ ದೊರೆತು 2024ರಲ್ಲಿ ಶೇಕಡಾ 9.99, 2025ರಲ್ಲಿ ಶೇಕಡಾ 7.49 ಏರಿಕೆಯಾಯಿತು. ಎರಡು ವರ್ಷಗಳಲ್ಲಿ ಸುಮಾರು 300 ದಶಲಕ್ಷ ಪೌಂಡಿನ ವೆಚ್ಚ ಕಡಿತಕ್ಕೆ ಒಪ್ಪಿಗೆ ನೀಡಲಾಯಿತು. ಪ್ರಮುಖ ಕಲಾ ಸಂಸ್ಥೆಗಳ ಅನುದಾನ ಮೊದಲ ವರ್ಷ ಅರ್ಧಕ್ಕಿಳಿದು, ಎರಡನೆಯ ವರ್ಷ ಪೂರ್ತಿ ನಿಂತಿತು. ಬಡಾವಣೆಗಳ ಗ್ರಂಥಾಲಯಗಳ ಅವಧಿ ಕಡಿತಗೊಂಡಿತು.

ಕಡ್ಡಾಯವಾದ ಕಸ ಸಂಗ್ರಹಣೆಯೂ ಕುಸಿಯಿತು. ವೇತನ ಶ್ರೇಣಿಯನ್ನು ಸರಿಪಡಿಸುವ ಕ್ರಮದಲ್ಲಿ ಕಸದ ಲಾರಿಗಳಲ್ಲಿನ ಒಂದು ಹುದ್ದೆಯನ್ನು ಪಾಲಿಕೆ ರದ್ದುಮಾಡಿತು. ಇದರಿಂದ ವೇತನ ಕಡಿತವಾಗುವುದೆಂದು ಕಾರ್ಮಿಕರು 2025ರ ಮಾರ್ಚ್ 11ರಿಂದ ಅನಿರ್ದಿಷ್ಟ ಮುಷ್ಕರ ಹೂಡಿದರು. ತಿಂಗಳ ಕೊನೆಗೆ ಸುಮಾರು 17 ಸಾವಿರ ಟನ್ ಕಸ ಬೀದಿಗಳಲ್ಲಿ ಉಳಿದಿತ್ತು. ಪಾಲಿಕೆ ತುರ್ತುಸ್ಥಿತಿಯನ್ನು ಸಾರಬೇಕಾಯಿತು. ಒಂದು ವರ್ಗದ ನೌಕರರಿಗೆ ನ್ಯಾಯ ಸಲ್ಲಿಸುವುದನ್ನು ದಶಕಗಳ ಕಾಲ ಮುಂದೂಡಿದರೆ ಅದರ ಬೆಲೆಯನ್ನು ಇಡೀ ಊರು ತೆರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಜನಸಂಖ್ಯೆ

2011ರಲ್ಲಿ ಸುಮಾರು 10,73,000 ಇದ್ದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಶೇಕಡಾ 6.7ರಷ್ಟು ಹೆಚ್ಚಿತು. ಜನರಲ್ಲಿ ಮೂರನೆಯ ಒಂದಂಶಕ್ಕೂ ಹೆಚ್ಚಿನವರು 25 ವರ್ಷದೊಳಗಿನವರು. ಶಾಲೆಗಳ ಮೇಲಿನ ಒತ್ತಡ ಇದರಿಂದಲೇ ಊಹಿಸಬಹುದು.

2021ರ ಗಣತಿಯಲ್ಲಿ ಬಿಳಿಯರು ಶೇಕಡಾ 48.6, ಏಷ್ಯಾ ಮೂಲದವರು ಶೇಕಡಾ 31, ಕಪ್ಪು ಜನರು ಸುಮಾರು ಶೇಕಡಾ 11. ಉಳಿದವರು ಮಿಶ್ರ ಹಾಗೂ ಇತರ ಮೂಲದವರು. ಏಷ್ಯಾ ಮೂಲದವರಲ್ಲಿ ಪಾಕಿಸ್ತಾನಿ ಮೂಲದವರೇ ಶೇಕಡಾ 17ರಷ್ಟಿದ್ದಾರೆ. ಭಾರತೀಯ ಮೂಲದವರು ಸುಮಾರು ಶೇಕಡಾ 6, ಬಾಂಗ್ಲಾದೇಶದವರು ಸುಮಾರು ಶೇಕಡಾ 4. ಧರ್ಮದ ಲೆಕ್ಕದಲ್ಲಿ ಕ್ರೈಸ್ತರು ಶೇಕಡಾ 34, ಮುಸ್ಲಿಮರು ಶೇಕಡಾ 29.9, ಧರ್ಮವಿಲ್ಲವೆಂದವರು ಶೇಕಡಾ 24ರಷ್ಟು. ಸಿಖ್ಖರು ಶೇಕಡಾ 3, ಹಿಂದೂಗಳು ಶೇಕಡಾ 2ರ ಸಮೀಪ.

ಎರಡನೆಯ ಮಹಾಯುದ್ಧದ ಬಳಿಕ ಕಾರ್ಖಾನೆ, ಸಾರಿಗೆ, ಆಸ್ಪತ್ರೆಗಳಿಗೆ ದುಡಿಯುವ ಕೈಗಳು ಬೇಕಾಗಿದ್ದವು. ಐರ್ಲೆಂಡ್, ಕೆರಿಬಿಯನ್ ದ್ವೀಪಗಳು, ಪಂಜಾಬ್, ಸಿಲ್ಹೆಟ್‌ಗಳಿಂದ ಜನ ಬಂದರು. 1960ರ ದಶಕದಲ್ಲಿ ಮಂಗಲಾ ಅಣೆಕಟ್ಟಿನಿಂದ ನೆಲ ಕಳೆದುಕೊಂಡ ಮೀರ್‌ಪುರ ಪ್ರದೇಶದ ಅನೇಕರು ಇಲ್ಲಿ ನೆಲೆ ಕಂಡರು.

ಭಾಷೆಯ ಎಣಿಕೆ ಮತ್ತು ಶಾಲೆ

ಇಂಗ್ಲೆಂಡಿನ ಜನಗಣತಿ ಜನಾಂಗದ ಪ್ರಶ್ನೆಯನ್ನು ಮೊದಲು ಕೇಳಿದ್ದು 1991ರಲ್ಲಿ, ಧರ್ಮದ ಪ್ರಶ್ನೆಯನ್ನು 2001ರಲ್ಲಿ, ಭಾಷೆಯ ಪ್ರಶ್ನೆಯನ್ನು 2011ರಲ್ಲಿ. ಕೇಳುವುದು ಮಾತೃಭಾಷೆಯನ್ನಲ್ಲ, ಮುಖ್ಯ ಭಾಷೆಯನ್ನು. ಮನೆಯಲ್ಲಿ ಪಂಜಾಬಿ, ಹೊರಗೆ ಇಂಗ್ಲಿಷ್ ಆಡುವ ಮಗು ಇಂಗ್ಲಿಷ್ ಎಂದು ಬರೆದರೆ ಆ ಮನೆಯ ಪಂಜಾಬಿ ಲೆಕ್ಕದಿಂದ ಮರೆಯಾಗುತ್ತದೆ. 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂಗ್ಲಿಷ್ ಬಿಟ್ಟರೆ ಪೋಲಿಷ್, ರೊಮೇನಿಯನ್, ಪಂಜಾಬಿ, ಉರ್ದು ಮುಂದಿನ ಸ್ಥಾನಗಳಲ್ಲಿದ್ದವು. ಮೀರ್‌ಪುರದವರ ಮನೆಮಾತು ಪಹಾಡಿ. ಆದರೆ ಬರೆಯುವಾಗ ಹಲವರು ಉರ್ದು ಎಂದೋ ಪಂಜಾಬಿ ಎಂದೋ ನಮೂದಿಸುತ್ತಾರೆ. ಹೀಗಾಗಿ ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ದಿನವೂ ಕೇಳಿಬರುವ ಮಾತು ಕಾಗದದಲ್ಲಿ ಕಾಣುವುದಕ್ಕಿಂತ ಬಹಳ ದೊಡ್ಡದು.

ಶಾಲೆಯ ವಿಷಯಕ್ಕೆ ಬಂದರೆ, 1966ರ ಸ್ಥಳೀಯಾಡಳಿತ ಕಾನೂನಿನ 11ನೇ ಕಲಮಿನಂತೆ, ಕಾಮನ್‌ವೆಲ್ತ್ ದೇಶಗಳಿಂದ ಬಂದವರ ಭಾಷೆ, ಆಚಾರಗಳು ಭಿನ್ನವಾಗಿರುವ ಕಾರಣಕ್ಕೆ ಬೇಕಾಗುವ ಹೆಚ್ಚುವರಿ ಸಿಬ್ಬಂದಿಗೆ ಕೇಂದ್ರ ಅನುದಾನ ಕೊಡುತ್ತಿತ್ತು. ಆ ಹಣ ಬಹುಪಾಲು ಮಕ್ಕಳಿಗೆ ಇಂಗ್ಲಿಷ್ ಕಲಿಸಲು ವಿನಿಯೋಗವಾಯಿತು. ಅಲ್ಪಸಂಖ್ಯಾತರ ಶಿಕ್ಷಣವನ್ನು ಪರಿಶೀಲಿಸಿದ ಸ್ವಾನ್ ಸಮಿತಿ 1985ರ ವರದಿಯಲ್ಲಿ, ಮಾತೃಭಾಷೆಯನ್ನು ಉಳಿಸಿಕೊಳ್ಳುವ ಕೆಲಸ ಸಮುದಾಯಗಳದೇ ಹೊರತು ಸಾಮಾನ್ಯ ಶಾಲೆಗಳದಲ್ಲ ಎಂಬ ನಿಲುವು ತಳೆಯಿತು. ಅದರಂತೆ ಇಂದಿಗೂ ಸಮುದಾಯಗಳು ಸ್ವಂತ ಖರ್ಚಿನಲ್ಲಿ, ವಾರಾಂತ್ಯಗಳಲ್ಲಿ ಅಥವಾ ಸಂಜೆ, ಪೂರಕ ಶಾಲೆಗಳನ್ನು ನಡೆಸುತ್ತವೆ. ಉರ್ದು, ಪಂಜಾಬಿ, ಬಂಗಾಳಿ, ಗುಜರಾತಿಗಳಲ್ಲಿ ಹದಿನಾರರ ವಯಸ್ಸಿನ ಸಾರ್ವಜನಿಕ ಪರೀಕ್ಷೆ ಬರೆಯುವ ಅವಕಾಶವಿದೆ, ಕನ್ನಡಕ್ಕೆ ಇಲ್ಲ. ಮಾತೃಭಾಷೆಯ ಬೋಧನೆ ಅಲ್ಲಿ ಪಾಲಿಕೆಯ ಕಡ್ಡಾಯ ಸೇವೆಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಸಮುದಾಯ ಸಂಘಕ್ಕೆ ಸಿಗುತ್ತಿದ್ದ ಸಣ್ಣ ಅನುದಾನವಾಗಲಿ, ತರಗತಿ ನಡೆಸಲು ದೊರೆಯುತ್ತಿದ್ದ ಗ್ರಂಥಾಲಯದ ಕೋಣೆಯಾಗಲಿ ನಿಂತುಹೋದರೆ ಯಾರನ್ನೂ ಕಾನೂನಿನ ಮುಂದೆ ಕೇಳುವಂತಿಲ್ಲ.

ನಮ್ಮ ಓದುಗರಿಗೆ ಇದರ ಅರ್ಥ

ಭಾರತದಲ್ಲಿ ನಮ್ಮ ಸ್ಥಿತಿ ಬೇರೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ರಾಜ್ಯದೊಳಗಿನ ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಸ್ಥಳೀಯ ಸಂಸ್ಥೆ ಎಂಬ ಮಾತು ಅಲ್ಲಿ ಸ್ಪಷ್ಟವಾಗಿದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಒದಗಿಸಬೇಕೆಂಬ ಸೂತ್ರ 1949ರಿಂದ ಇದೆ. ಒಂದು ಪ್ರದೇಶದಲ್ಲಿ ಶೇಕಡಾ 15ರಷ್ಟು ಜನರ ಭಾಷೆಯಾಗಿದ್ದರೆ ಮುಖ್ಯ ಪ್ರಕಟಣೆಗಳನ್ನು ಆ ಭಾಷೆಯಲ್ಲಿಯೂ ಹೊರಡಿಸಬೇಕೆಂಬ ಒಪ್ಪಿತ ಕ್ರಮವೂ ಇದೆ. ಬರ್ಮಿಂಗ್‌ಹ್ಯಾಮಿನ ಪಂಜಾಬಿ ಅಥವಾ ಪಹಾಡಿ ಮನೆಗಳಿಗೆ ಇಂತಹ ಆಧಾರ ಒಂದೂ ಇಲ್ಲ.

ಆದರೆ ಬರ್ಮಿಂಗ್‌ಹ್ಯಾಮಿನ ಗ್ರಂಥಾಲಯದ ಕತೆಯನ್ನು ನಾವು ಮರೆಯಬಾರದು. ಸೇವೆ ಕಡ್ಡಾಯವೆಂದಿದ್ದರೂ ಎಷ್ಟು ಎಂಬುದು ಬರವಣಿಗೆಯಲ್ಲಿ ಇರಲಿಲ್ಲ; ಆದ್ದರಿಂದ ಅದು ಸದ್ದಿಲ್ಲದೆ ಕುಗ್ಗಿತು. 350ಎ ವಿಧಿಯಲ್ಲಿರುವುದೂ ಪ್ರಯತ್ನದ ಮಾತೇ. ಅದಕ್ಕೆ ಬಲ ತುಂಬುವುದು 10, 40, 15 ಎಂಬ ಅಂಕೆಗಳು. ಆ ಅಂಕೆಗಳು ಶಾಲೆಯ ದಾಖಲಾತಿ ಪುಸ್ತಕದಿಂದಲೂ ಜನಗಣತಿಯ ನಮೂನೆಯಿಂದಲೂ ಬರುತ್ತವೆ. ನಮ್ಮ ಗಣತಿ ಮಾತೃಭಾಷೆಯನ್ನೇ ಕೇಳುತ್ತದೆ; ನೀಲಗಿರಿಯ ಬಡಗ ಮಾತನ್ನು ಅದು ಕನ್ನಡದ ಗುಂಪಿನಡಿ ಪ್ರತ್ಯೇಕವಾಗಿ ಎಣಿಸಿ ತೋರಿಸುತ್ತದೆ. ಗಣತಿದಾರರು ಬಾಗಿಲಿಗೆ ಬಂದಾಗ ರಾಜ್ಯದ ಭಾಷೆಯನ್ನು ಹೇಳಿದರೆ ಸಾಕೆಂದು ಸುಮ್ಮನಾಗದೆ, ಮನೆಮಾತನ್ನು ಹೇಳಿ, ಅದನ್ನು ಬರೆದುಕೊಂಡರೇ ಎಂದು ನೋಡಿಕೊಳ್ಳುವುದು ಪ್ರತಿ ಮನೆಯವರ ಕೆಲಸ. ಒಂದನೇ ತರಗತಿಯ ದಾಖಲಾತಿಯಲ್ಲಿ ಮಾತೃಭಾಷೆಯ ಅಂಕಣವನ್ನು ಖಾಲಿ ಬಿಡದಿರುವುದೂ ಅಷ್ಟೇ ಮುಖ್ಯ. ಮುಂದಿನ ವರ್ಷ ಶಿಕ್ಷಕರ ಹುದ್ದೆಗಾಗಿ ಮನವಿ ಹಿಡಿದು ಕಚೇರಿಗೆ ಹೋದಾಗ ಮೇಜಿನ ಮೇಲೆ ಇಡಲು ನಮಗಿರುವ ದಾಖಲೆ ಅದೇ.